ಕೆಂಪು ತುದಿಯ ಸ್ಕೇಲು

ಒಳಪೆಟ್ಟಿಗೆ ಹೊರಪೆಟ್ಟಿಗೆಯೊಳಗೆ ಇಳಿಯಲೇ ಇಲ್ಲ. ಕವನ ಮೊದಲು ಮೆಲ್ಲಗೆ ಒತ್ತಿದಳು, ಆಮೇಲೆ ಜೋರಾಗಿ ಒತ್ತಿದಳು, ಕೊನೆಗೆ ಮೊಣಕಾಲು ಕೊಟ್ಟು ತಳ್ಳಿದಳು. ಮರ ಕಿರ್ ಎಂದಿತೇ ಹೊರತು ಕೂದಲೆಳೆಯಷ್ಟೂ ಒಳಗೆ ಸರಿಯಲಿಲ್ಲ. ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದ ಹನ್ನೆರಡು ಮಕ್ಕಳು ಒಬ್ಬೊಬ್ಬರಾಗಿ ಉಸಿರು ಬಿಟ್ಟರು.

"ಸ್ವಲ್ಪ ಎಣ್ಣೆ ಹಚ್ಚಿದ್ರೆ?" ಎಂದಳು ಹಿಂದಿನಿಂದ ಮೈತ್ರಿ.

"ಎಣ್ಣೆ ಹಚ್ಚೋಕೆ ಇದೇನು ತಲೆನಾ?" ಎಂದ ದುಶ್ಯಂತ್. ಹೊರಪೆಟ್ಟಿಗೆ ಮಾಡಿಕೊಂಡು ಬಂದಿದ್ದವನು ಅವನು. "ಅಳತೆ ತಪ್ಪಿದೆ ಕಣೆ ಕವನ. ನಿಂದು ದೊಡ್ಡದಾಗಿದೆ."

"ನಿಂದು ಚಿಕ್ಕದಾಗಿದೆ."

"ನಂದು ಧರ್ಮೇಂದ್ರ ಚಿಕ್ಕಪ್ಪ ಟೇಪು ಹಿಡಿದು ಅಳೆದು ಕೊಟ್ಟಿದ್ದು. ಮಲವಗೊಪ್ಪದಲ್ಲಿ ಅರ್ಧ ಮನೆಗಳ ಬಾಗಿಲು ಅವರದ್ದೇ. ಒಂದಾದ್ರೂ ಬಾಗಿಲು ಹಾಕೋಕೆ ಬರ್ದೆ ಇರೋದು ತೋರಿಸು ನೋಡೋಣ."

"ನಂದು ನಮ್ಮಜ್ಜನ ಸ್ಕೇಲಿಂದ ಅಳೆದಿದ್ದು. ಫ್ಯಾಕ್ಟರಿ ಸ್ಕೇಲು. ಅದು ತಪ್ಪೋದೇ ಇಲ್ಲ."

ಭದ್ರಾವತಿಯ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ಶನಿವಾರ ಬೆಳಗಿನ ಪಾಠ ಮುಗಿದ ಮೇಲೆ ನಡೆಯುವ ಈ ತರಗತಿಗೆ ನೋಟಿಸ್ ಬೋರ್ಡಿನಲ್ಲಿ 'ದೃಶ್ಯ ಮತ್ತು ಮಾಧ್ಯಮ ಕಲೆ' ಎಂದು ದೊಡ್ಡ ಹೆಸರಿತ್ತು. ಮಕ್ಕಳು ಮಾತ್ರ ಅದನ್ನು ಫೋಟೋ ಕ್ಲಾಸು ಎನ್ನುತ್ತಿದ್ದರು. ಶಿವಮೊಗ್ಗದ ದುರ್ಗಿಗುಡಿಯಿಂದ ಸುಮನಾ ಮಿಸ್ ಬಸ್ಸು ಹಿಡಿದು ಬರುತ್ತಿದ್ದರು. ಮೊಬೈಲಿನಲ್ಲಿ ರೀಲ್ಸ್ ಮಾಡುವುದನ್ನು ಕಲಿಸುತ್ತಾರೆ ಎಂದುಕೊಂಡು ಬಂದವರೇ ಹೆಚ್ಚು. ಮಿಸ್ ಮೊದಲ ದಿನ ಮಾಡಿದ್ದೇ ಬೇರೆ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿಸಿ, ಒಂದೇ ಒಂದು ತೂತು ಬಿಟ್ಟು, ಕತ್ತಲಲ್ಲಿ ಎಲ್ಲರನ್ನೂ ಸುಮ್ಮನೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಎದುರಿನ ಗೋಡೆಯ ಮೇಲೆ ಹೊರಗಿನ ರಸ್ತೆ ಮೂಡಿತು. ಬಣ್ಣಬಣ್ಣವಾಗಿ, ತಲೆಕೆಳಗಾಗಿ! ಆಟೋಗಳು ಮೇಲಿನಿಂದ ಜೋತುಬಿದ್ದು ಓಡಿದವು, ಆಕಾಶ ನೆಲದಲ್ಲಿ ಬಿದ್ದಿತ್ತು. ದುಶ್ಯಂತ್ ರಸ್ತೆಯನ್ನು ನೆಟ್ಟಗೆ ನೋಡಲು ಬೆಂಚಿನ ಮೇಲೆ ಕೈಯೂರಿ ಕಾಲು ಮೇಲೆ ಮಾಡಿ ನಿಂತು, ಬಿದ್ದು, ಮೊಣಕೈ ತರಚಿಸಿಕೊಂಡ. ಅಂದಿನಿಂದ ಕವನಳಿಗೆ ಒಂದು ಕಾಯಿಲೆ ಹತ್ತಿತು. ಎಲ್ಲಿ ತೂತು ಕಂಡರೂ ಅದರ ಎದುರಿಗೆ ಏನು ಬೀಳುತ್ತದೆ ಎಂದು ನೋಡುವುದು. ಅಡುಗೆಮನೆಯ ಹೆಂಚಿನ ಸಂದಿಯಿಂದ ಬಿದ್ದ ಬೆಳಕಿನ ಕೆಳಗೆ ಚಪಾತಿ ಹಿಡಿದು ನಿಂತು ಅಜ್ಜಿಯಿಂದ ಬೈಸಿಕೊಂಡದ್ದೂ ಆಗಿತ್ತು.

ಈಗಿನ ಪೆಟ್ಟಿಗೆ ಆ ಕತ್ತಲೆ ಕೋಣೆಯ ಮರಿ. ಹೊರಪೆಟ್ಟಿಗೆಯ ಮುಖಕ್ಕೆ ಒಂದು ಭೂತಗನ್ನಡಿ, ಒಳಪೆಟ್ಟಿಗೆಯ ಬೆನ್ನಿಗೆ ಟ್ರೇಸಿಂಗ್ ಪೇಪರ್. ಒಳಗಿನದನ್ನು ಹಿಂದೆ ಮುಂದೆ ಸರಿಸುತ್ತ ಹೋದರೆ ಯಾವುದೋ ಒಂದು ಜಾಗದಲ್ಲಿ ಹೊರಗಿನ ಚಿತ್ರ ಪೇಪರಿನ ಮೇಲೆ ಸ್ಪಷ್ಟವಾಗಿ ಬಂದು ನಿಲ್ಲಬೇಕು. ಮುಂದಿನ ಭಾನುವಾರ ದುರ್ಗಿಗುಡಿಯ ಒಂದು ಶಾಲೆಯಲ್ಲಿ ಎಂಟು ಪ್ರೌಢಶಾಲೆಗಳ ಮಕ್ಕಳ ಪ್ರದರ್ಶನ. ಒಂದು ಶಾಲೆಗೆ ಒಂದೇ ವಸ್ತು. ಪೆಟ್ಟಿಗೆ ಆಗದಿದ್ದರೆ ಅದರ ಬದಲು ದುಶ್ಯಂತ್ ಮೊಬೈಲಿನಲ್ಲಿ ತೆಗೆದ 'ನಮ್ಮ ಬೀದಿಯ ನಾಯಿಗಳು' ಎಂಬ ಆರು ನಿಮಿಷದ ವಿಡಿಯೊ ಹೋಗುತ್ತಿತ್ತು. ನಾಯಿಗಳ ಮೇಲೆ ಕವನಳಿಗೆ ದ್ವೇಷವೇನೂ ಇರಲಿಲ್ಲ. ಆದರೆ ಮೂರು ವಾರ ಅಜ್ಜನ ಜೊತೆ ಕೂತು ಹಲಗೆ ಕೊಯ್ದು, ಉಜ್ಜಿ, ಮೊಳೆಯೇ ಇಲ್ಲದೆ ಮೂಲೆ ಕೂಡಿಸಿದ ಪೆಟ್ಟಿಗೆಯನ್ನು ಬಿಟ್ಟು ನಾಯಿಗಳು ಶಿವಮೊಗ್ಗಕ್ಕೆ ಹೋಗುವುದೆಂದರೆ ಅವಳಿಗೆ ಹೊಟ್ಟೆ ಉರಿಯಿತು.

"ಮಿಸ್, ನಮ್ಮ ಚಿಕ್ಕಪ್ಪನ ಹತ್ರ ಮೆಷಿನ್ ಇದೆ," ಎಂದ ದುಶ್ಯಂತ್. "ಇವಳದ್ದನ್ನ ಐದು ನಿಮಿಷದಲ್ಲಿ ಕಡಿಮೆ ಮಾಡ್ಕೊಡ್ತಾರೆ."

ಸುಮನಾ ಮಿಸ್ ಎರಡೂ ಪೆಟ್ಟಿಗೆಗಳ ಅಂಚಿನ ಮೇಲೆ ಬೆರಳಾಡಿಸಿದರು. ಎರಡೂ ನೀಟಾಗಿದ್ದವು, ಎರಡರ ಮೂಲೆಗಳೂ ನೇರವಾಗಿದ್ದವು. ಅವರ ಮುಖದಲ್ಲಿ ಬೇಸರದ ಬದಲು ಒಂಥರಾ ಖುಷಿ ಕಾಣಿಸಿತು.

"ಕಡಿಮೆ ಮಾಡೋದು ಐದು ನಿಮಿಷದ ಕೆಲಸ, ನಿಜ. ಆದ್ರೆ ಇಬ್ಬರೂ ಚೆನ್ನಾಗಿ ಅಳೆದಿದ್ದೀರಿ, ಆದ್ರೂ ಸೇರ್ತಾ ಇಲ್ಲ. ಯಾಕೆ ಅಂತ ಗೊತ್ತಾಗದೆ ಕತ್ತರಿಸಿದ್ರೆ ಮುಂದಿನ ಸಲಾನೂ ಹಿಂಗೇ ಆಗುತ್ತೆ. ಮುಂದಿನ ಶನಿವಾರಕ್ಕೆ ಯಾಕೆ ಅಂತ ಹುಡುಕ್ಕೊಂಡು ಬನ್ನಿ. ಹೇಳಿದ್ರೆ ಪೆಟ್ಟಿಗೆ ಹೋಗುತ್ತೆ, ಇಲ್ಲಾಂದ್ರೆ ನಾಯಿಗಳು."

ಅಜ್ಜ ಹುಲಿಯಪ್ಪ ಜನ್ನಾಪುರದ ಮನೆಯ ಜಗಲಿಯಲ್ಲಿ ಕೂತಿದ್ದ. ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಮೂವತ್ತೆಂಟು ವರ್ಷ ದುಡಿದವನು. ಉಕ್ಕಿನಲ್ಲಿ ಎರಕ ಹೊಯ್ಯಬೇಕಾದ ಗಾಲಿ, ಹಲ್ಲುಚಕ್ರ, ಕೊಳವೆಗಳನ್ನೆಲ್ಲ ಮೊದಲು ಮರದಲ್ಲಿ ಕೆತ್ತಿ ಕೊಡುವುದು ಅವನ ಕೆಲಸವಾಗಿತ್ತು. ನಿವೃತ್ತನಾಗಿ ಹದಿನೇಳು ವರ್ಷವಾದರೂ ಯಾರಾದರೂ ಅಳತೆಯ ಮಾತೆತ್ತಿದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಕವನ ಹೇಳಿದ್ದನ್ನು ಕೇಳಿ ಅದು ಇನ್ನಷ್ಟು ನೆಟ್ಟಗಾಯಿತು.

"ತಪ್ಪಾ? ನಂದಾ? ತಾ ಇಲ್ಲಿ."

ಎರಡಡಿ ಉದ್ದದ ಉಕ್ಕಿನ ಸ್ಕೇಲನ್ನು ಪೆಟ್ಟಿಗೆಯ ಮೇಲಿಟ್ಟ. ಗೆರೆಗಳ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತ ಹೋದ. ಟಿಕ್, ಟಿಕ್, ಟಿಕ್. ಪೆಟ್ಟಿಗೆಯ ಅಂಚು ಬಂದ ಕಡೆ ಉಗುರು ನಿಂತಿತು.

"ಹದಿನಾರು ಇಂಚು. ಒಂದು ನೂಲೂ ಆಕಡೆ ಇಲ್ಲ, ಈಕಡೆ ಇಲ್ಲ. ಆ ಹುಡುಗಂಗೆ ಹೇಳು, ಅವರ ಚಿಕ್ಕಪ್ಪನ ಟೇಪು ಸಂತೇಲಿ ತಗೊಂಡಿದ್ದಿರ್ಬೇಕು."

ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ. ಅಜ್ಜನ ಬಾಯಲ್ಲಿ ಮಿಲಿಮೀಟರು ಎಂಬ ಮಾತು ಬಂದದ್ದನ್ನು ಕವನ ಕೇಳಿಯೇ ಇರಲಿಲ್ಲ. ಅವನ ಮಾತು ಕೇಳಿ ಅವಳಿಗೆ ಧೈರ್ಯ ಬಂತು. ಸೋಮವಾರ ಸ್ಕೇಲನ್ನೇ ಬ್ಯಾಗಿಗೆ ಸಿಕ್ಕಿಸಿಕೊಂಡು ಶಾಲೆಗೆ ಹೊರಟಳು. ಅರ್ಧ ಒಳಗೆ, ಅರ್ಧ ಹೊರಗೆ. ದಾರಿಯುದ್ದಕ್ಕೂ ಅದರ ತುದಿಗೆ ಬಳಿದಿದ್ದ ಕೆಂಪು ಬಣ್ಣ ಅವಳ ಕಿವಿಯ ಪಕ್ಕದಲ್ಲಿ ಬಾವುಟದ ಹಾಗೆ ಅಲ್ಲಾಡುತ್ತಿತ್ತು.

ಊಟದ ಬಿಡುವಿನಲ್ಲಿ ದುಶ್ಯಂತ್ ಚಿಕ್ಕಪ್ಪನ ಟೇಪನ್ನು ಎಳೆದು ಬೆಂಚಿನ ಮೇಲೆ ಹಾಸಿದ. ಕವನ ಅದರ ಪಕ್ಕಕ್ಕೆ ಸ್ಕೇಲನ್ನಿಟ್ಟಳು. ಸೊನ್ನೆಗೆ ಸೊನ್ನೆ ಕೂಡಿತು. ಒಂದಕ್ಕೆ ಒಂದು ಕೂಡಿದ ಹಾಗೇ ಕಂಡಿತು. ನಾಲ್ಕರ ಹತ್ತಿರ ಏನೋ ಅನುಮಾನ. ಆರರಲ್ಲಿ ಅನುಮಾನ ಉಳಿಯಲಿಲ್ಲ. ಹನ್ನೆರಡಕ್ಕೆ ಬರುವಷ್ಟರಲ್ಲಿ ಅಜ್ಜನ ಸ್ಕೇಲಿನ ಗೆರೆ ಟೇಪಿನ ಗೆರೆಯನ್ನು ಕಾಲು ಇಂಚು ದಾಟಿ ಹೋಗಿತ್ತು. ಇಪ್ಪತ್ತನಾಲ್ಕರಲ್ಲಿ ಸರಿಯಾಗಿ ಅರ್ಧ ಇಂಚು.

ಜಗಳ ಆಡಬೇಕೆಂದು ಬಂದಿದ್ದವರಿಗೆ ಜಗಳ ಮರೆತುಹೋಯಿತು. ಮೈತ್ರಿ ತನ್ನ ಜಾಮೆಟ್ರಿ ಬಾಕ್ಸಿನ ಪ್ಲಾಸ್ಟಿಕ್ ಪಟ್ಟಿ ತಂದಳು. ಅದು ಟೇಪಿನ ಕಡೆ ಸೇರಿತು. ಇನ್ನೊಬ್ಬಳ ಪಟ್ಟಿ ತಂದರು, ಅದೂ ಟೇಪಿನ ಕಡೆ. ಕೊನೆಗೆ ಗಣಿತದ ಮೇಷ್ಟರ ದೊಡ್ಡ ಮರದ ಸ್ಕೇಲನ್ನೂ ಸ್ಟಾಫ್ ರೂಮಿನಿಂದ ಕೇಳಿ ತಂದರು. ಎಲ್ಲವೂ ಒಂದೇ ಪಾರ್ಟಿ.

"ನಿಮ್ಮಜ್ಜನ ಸ್ಕೇಲು ಬೆಳೆದಿದೆ ಕಣೆ," ಎಂದ ದುಶ್ಯಂತ್. "ಗೊಬ್ಬರ ಹಾಕ್ತಾರೇನು ಮಾರಾಯ್ತಿ?"

ಎಲ್ಲರೂ ನಕ್ಕರು. ಕವನಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ಆದರೂ ಆ ಸಿಟ್ಟಿನ ಕೆಳಗೆ ಇನ್ನೊಂದು ಹುಳು ಕೊರೆಯುತ್ತಿತ್ತು. ಸ್ಕೇಲು ಸವೆದು ಕಡಿಮೆಯಾಗಬಹುದು, ಹೆಚ್ಚಾಗುವುದು ಹೇಗೆ? ಅದೂ ಯಾವನೋ ಹೇಗೋ ಗೀಚಿದ್ದಲ್ಲ. ಪ್ರತಿ ಇಂಚೂ ಅಷ್ಟಷ್ಟೇ ದೊಡ್ಡದು. ಇಷ್ಟು ಅಚ್ಚುಕಟ್ಟಾಗಿ ಯಾರಾದರೂ ತಪ್ಪು ಮಾಡುತ್ತಾರೆಯೇ?

ಸಂಜೆ ಮನೆಗೆ ಬಂದಾಗ ಅಜ್ಜ ಇರಲಿಲ್ಲ. ಬಸ್ ಸ್ಟಾಪಿನ ಹತ್ತಿರದ ಟೀ ಅಂಗಡಿಗೆ ಹೋಗಿದ್ದ. ಅಜ್ಜಿ ಮಾಸ್ತಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕವನ ಬ್ಯಾಗಿನಿಂದ ಸ್ಕೇಲು ಎಳೆದದ್ದೇ ಅಜ್ಜಿಯ ಕೈ ನಿಂತಿತು.

"ಅಯ್ಯೋ, ಅದನ್ನ್ಯಾಕೆ ತಗೊಂಡೆ? ಕೆಂಪು ಬಳಿದಿರೋದು ಫ್ಯಾಕ್ಟರಿ ಕೆಲಸದ್ದು. ಮನೆ ಕೆಲಸಕ್ಕೆ ಮುಟ್ಟಬಾರ್ದು ಅಂತ ಅವರೇ ಬಳಿದಿಟ್ಟಿದ್ದು. ಬಣ್ಣ ಇಲ್ದೇ ಇರೋದು ಇನ್ನೊಂದು ಇದೆಯಲ್ಲ ಟ್ರಂಕಲ್ಲಿ, ಇದರ ಅಣ್ಣತಮ್ಮನ ಹಂಗೆ."

"ಯಾಕೆ ಮುಟ್ಟಬಾರ್ದು?"

"ಅದೆಲ್ಲ ನಂಗೇನು ಗೊತ್ತು? ನಿಮ್ಮಪ್ಪ ಸಿದ್ದು ಚಿಕ್ಕೋನಿದ್ದಾಗ ಒಂದ್ಸಲ ಮುಟ್ಟಿ ಏಟು ತಿಂದಿದ್ದ."

"ನಾನು ತಗೊಂಡಿಲ್ಲ ಅಜ್ಜಿ. ಅಜ್ಜಾನೇ ಟ್ರಂಕಿಂದ ತೆಗೆದು ಕೊಟ್ಟಿದ್ದು."

ಮಾಸ್ತಮ್ಮ ಸುಲಿದ ಬೆಳ್ಳುಳ್ಳಿಯನ್ನೂ ಸಿಪ್ಪೆಯನ್ನೂ ಒಂದೇ ತಟ್ಟೆಗೆ ಹಾಕಿದಳು. ಮತ್ತೆ ಕೂತು ಒಂದೊಂದಾಗಿ ಬೇರೆ ಮಾಡಿದಳು. ಕವನ ಅಜ್ಜಿಯ ಮುಖವನ್ನೂ ಸ್ಕೇಲಿನ ತುದಿಯನ್ನೂ ನೋಡಿದಳು. ಕುಂಕುಮದ ಹಾಗೆ ಕೆಂಪು. ಬಾಗಿಲಲ್ಲಿ ನಿಂತವರಿಗೂ ಕಾಣುವಂಥದ್ದು.

ಒಂದು ವರ್ಷದಿಂದ ನಡೆಯುತ್ತಿದ್ದ ಏನೇನೋ ಅವಳಿಗೆ ಒಟ್ಟಿಗೆ ನೆನಪಾಯಿತು. ಬೆಳಿಗ್ಗೆ ಅಜ್ಜ ಪೇಪರ್ ಬಿಡಿಸಿಕೊಂಡು, "ಬಾ ಇಲ್ಲಿ, ನಿನ್ನ ಉಚ್ಚಾರ ಹೆಂಗಿದೆ ನೋಡೋಣ, ಓದು," ಎನ್ನುತ್ತಿದ್ದದ್ದು. ಎರಡು ಪುಟ ಓದಿಸಿ "ಪರವಾಗಿಲ್ಲ" ಎನ್ನುತ್ತಿದ್ದದ್ದು. ಹಾಲಿನ ಬದಲು ಮಜ್ಜಿಗೆ ಪ್ಯಾಕೆಟ್ಟು ತಂದು, ಬಿಸಿಲಿಗೆ ಮಜ್ಜಿಗೆಯೇ ಒಳ್ಳೆಯದೆಂದು ವಾದಿಸಿದ್ದು. ಈ ಮೂರು ವಾರವೂ ಗೆರೆ ಹಾಕುವುದು, ಗರಗಸ ಇಡುವುದು ಅವಳ ಪಾಲಿಗೆ ಬಿಟ್ಟು ತಾನು ಮುಟ್ಟಿ ನೋಡುವ ಕೆಲಸವನ್ನಷ್ಟೇ ಇಟ್ಟುಕೊಂಡಿದ್ದು. ಕಲಿಸುತ್ತಿದ್ದಾನೆ ಎಂದು ಅವಳು ತಿಳಿದುಕೊಂಡಿದ್ದಳು.

"ಅಜ್ಜಂಗೆ ಕಣ್ಣು ಕಾಣಲ್ವಾ ಅಜ್ಜಿ?"

"ಮೆಲ್ಲಗೆ ಮಾತಾಡು," ಎಂದಳು ಮಾಸ್ತಮ್ಮ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ. "ಪೊರೆ ಬಂದಿದೆ. ಹೋದ ವರ್ಷ ಡಾಕ್ಟ್ರು ಆಪರೇಷನ್ ಮಾಡ್ಸಿ, ಒಂದು ತಿಂಗಳು ಜೋಪಾನವಾಗಿದ್ರೆ ಸಾಕು ಅಂದಿದ್ರು. ಕಣ್ಣಿಗೆ ಬ್ಲೇಡು ಹಾಕಿಸ್ಕೊಳ್ಳಲ್ಲ, ನಂಗೆಲ್ಲ ಕಾಣುತ್ತೆ ಅಂತ ಎದ್ದು ಬಂದ್ರು. ಯಾರಿಗೂ ಹೇಳಕೂಡದು ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದಾರೆ. ಅಳತೆ ತಪ್ಪಿದ್ದು ತಮ್ಮಿಂದ ಅಂತ ಗೊತ್ತಾದ್ರೆ ಊಟ ಬಿಡ್ತಾರೆ ಕಣೆ. ಕೇಳಿದ್ರೆ ಬಣ್ಣ ಹೋಗಿತ್ತು ಅಂತ ಹೇಳ್ಬಿಡು."

ಆಗಲಿ ಎಂದು ಕವನ ತಲೆಯಾಡಿಸಿದಳು. ಮಂಗಳವಾರವಿಡೀ ಆ ಮಾತನ್ನು ಉಳಿಸಿಕೊಂಡಳು. ಆದರೆ ಸ್ಕೇಲು ಯಾಕೆ ಉದ್ದ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಗಣಿತದ ಮೇಷ್ಟರು ಬಿಸಿಲಿಗೆ ಹಿಗ್ಗಿರಬಹುದು ಎಂದರು. ಇಡೀ ಭದ್ರಾವತಿಯಲ್ಲಿ ಅವಳಿಗೆ ಉತ್ತರ ಹೇಳಬಲ್ಲವನು ಒಬ್ಬನೇ, ಅವನನ್ನೇ ಕೇಳಬಾರದು. ಬುಧವಾರ ಸಂಜೆಯ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ.

"ಅಜ್ಜ, ಒಂದು ಸ್ಕೇಲು ಬೇಕಂತಲೇ ಉದ್ದ ಇರುತ್ತಾ?"

"ಎಷ್ಟು ಉದ್ದ?"

"ಒಂದು ಅಡಿಗೆ ಎರಡು ನೂಲು."

ಹುಲಿಯಪ್ಪನ ಮುಖ ಅರಳಿತು. "ಎಲ್ಲಿ ಕಲಿತೆ ಇದನ್ನ? ಅದು ಉಕ್ಕಿನ ಲೆಕ್ಕ! ಕಂಟ್ರಾಕ್ಷನ್ ಸ್ಕೇಲು ಅಂತಾರೆ. ನೋಡು, ಕರಗಿದ ಉಕ್ಕು ಅಚ್ಚಿನೊಳಗೆ ಹೊಯ್ದಾಗ ಉಬ್ಬಿರುತ್ತೆ. ತಣ್ಣಗಾಗ್ತಾ ಕುಗ್ಗುತ್ತೆ. ಒಂದಡಿ ಹೊಯ್ದಿದ್ದು ಒಂದಡಿ ಉಳಿಯಲ್ಲ, ಎರಡು ನೂಲು ಹೋಗಿರುತ್ತೆ. ಹಂಗಾಗಿ ಮರದ ಮಾದರೀನೇ ಅಷ್ಟು ದೊಡ್ಡದಾಗಿ ಮಾಡ್ಬೇಕು. ಪ್ರತಿ ಸಲ ಕೂಡಿಸ್ತಾ ಕೂತ್ರೆ ಒಂದಲ್ಲ ಒಂದಿನ ತಪ್ಪಾಗುತ್ತೆ. ಅದಕ್ಕೆ ಸ್ಕೇಲನ್ನೇ ಹಿಗ್ಗಿಸಿ ಮಾಡಿರ್ತಾರೆ. ಸುಮ್ನೆ ಅಳೀತಾ ಹೋಗು, ಅದೇ ಕೂಡಿಸ್ಕೊಳ್ಳುತ್ತೆ."

"ಹಂಗಾದ್ರೆ ಅದು ಸುಳ್ಳು ಹೇಳಲ್ಲ?"

"ಛೆ, ಛೆ. ಮುಂದೆ ಕುಗ್ಗೋದನ್ನ ಈಗಲೇ ಲೆಕ್ಕಕ್ಕೆ ಹಿಡಿಯುತ್ತೆ, ಅಷ್ಟೆ. ಆದ್ರೆ ಬರೀ ಮರದ ಕೆಲಸಕ್ಕೆ ತಗೊಂಡ್ರೆ ಕೆಟ್ಟಿತು. ಮರ ಎಲ್ಲಿ ಕುಗ್ಗುತ್ತೆ? ಎರಡೂ ಸ್ಕೇಲು ಕೈಗೆ ಒಂದೇ ಥರ ಇರ್ತವೆ ನೋಡು, ಅದಕ್ಕೇ ನಾನು..."

ಜಗಲಿಯ ಮೇಲೆ ಪಕ್ಕದಲ್ಲೇ ಇದ್ದ ಸ್ಕೇಲನ್ನು ಅವನ ಕೈ ಹುಡುಕಿ ಎತ್ತಿಕೊಂಡಿತು. ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ಬಣ್ಣ ಬೆರಳಿಗೆ ಸಿಗುವುದಿಲ್ಲ.

"ಕವನಾ, ಇದರ ತುದೀಲಿ ಬಣ್ಣ ಇದೆಯಾ?"

ಬಾಗಿಲಲ್ಲಿ ಅಜ್ಜಿ ಸೌಟು ಹಿಡಿದು ನಿಂತಿದ್ದಳು. ಸೌಟನ್ನು ಎರಡು ಸಲ ಅಡ್ಡಡ್ಡ ಆಡಿಸಿದಳು. ಇಲ್ಲ ಅನ್ನು. ಕವನಳ ನಾಲಿಗೆಯ ತುದಿಗೆ ಅದೇ ಬಂದಿತ್ತು. ಆದರೆ ನಾಲ್ಕು ದಿನದಿಂದ ಯಾಕೆ ಯಾಕೆ ಎಂದು ಅಲೆದವಳಿಗೆ, ಆ 'ಯಾಕೆ' ಇದೀಗ ಕೈಗೆ ಸಿಕ್ಕಿದಾಗ ಅದನ್ನು ಒಡೆಯಲು ಮನಸ್ಸು ಬರಲಿಲ್ಲ. ಮೂರು ವಾರ ಅಷ್ಟು ಹತ್ತಿರ ಕೂತು ಕಲಿಸಿದವನು ಈಗ ಕೇಳುತ್ತಿದ್ದಾನೆ. ಅವನಿಗೆ ತಪ್ಪು ಅಳತೆ ಕೊಡುವುದು ಹೇಗೆ?

"ಇದೆ ಅಜ್ಜ. ಕೆಂಪು."

"ಮಾಸಿದೆಯಾ?"

"ಇಲ್ಲ. ಚೆನ್ನಾಗಿ ಕಾಣುತ್ತೆ."

ಹುಲಿಯಪ್ಪ ಸ್ಕೇಲಿನ ತುದಿಯನ್ನು ಕಣ್ಣಿನ ಹತ್ತಿರಕ್ಕೆ ತಂದ. ಬೆಳಕಿನ ಕಡೆ ತಿರುಗಿಸಿದ, ಇನ್ನೂ ಹತ್ತಿರ ತಂದ. ರೆಪ್ಪೆ ಲೋಹಕ್ಕೆ ತಾಗಿತು. ರಸ್ತೆಯಲ್ಲಿ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಕವನಳಿಗೆ ಅಳು ಬಂತು. ಹೇಳಬಾರದಿತ್ತು ಎಂದೂ ಅನಿಸಿತು, ಹೇಳಿದ್ದೇ ಸರಿ ಎಂದೂ ಅನಿಸಿತು. ಎರಡೂ ಒಟ್ಟೊಟ್ಟಿಗೆ ಅನಿಸಿದ್ದರಿಂದ ಅಳು ಇನ್ನೂ ಜೋರಾಯಿತು.

"ಅಳೋಕೇನಾಗಿದೆ?" ಎಂದ ಹುಲಿಯಪ್ಪ. ದನಿ ಒರಟಾಗಿತ್ತು. "ಮೂವತ್ತೆಂಟು ವರ್ಷ ಒಂದು ಮಾದರೀನೂ ವಾಪಸ್ ಬಂದಿರ್ಲಿಲ್ಲ ನಂದು. ಇವತ್ತು ಬಂತು. ಹೋಗು, ಕೀಸುಳಿ ತಗೊಂಡ್ ಬಾ. ವಾಪಸ್ ಬಂದಿದ್ದನ್ನ ರಿಪೇರಿ ಮಾಡಿ ಕಳಿಸೋದು ಶಾಪಿನ ರೂಲು."

ಅವನು ಕೀಸುಳಿ ಹಿಡಿದು ಪೆಟ್ಟಿಗೆಯ ಮೈಯನ್ನು ಹೆರೆಯುವುದನ್ನು ಕವನ ಪಕ್ಕದಲ್ಲಿ ಕೂತು ನೋಡಿದಳು. ಒಂದು ಸಲ ಎಳೆಯುವುದು, ಅಂಗೈಯಿಂದ ಸವರುವುದು, ಮತ್ತೆ ಎಳೆಯುವುದು. ತೆಳ್ಳನೆಯ ಹೆರಕಲು ಸುರುಳಿ ಸುರುಳಿಯಾಗಿ ಮಡಿಲಿಗೆ ಬಿದ್ದಿತು. ಕಣ್ಣು ಮಾತ್ರ ಪೆಟ್ಟಿಗೆಯ ಮೇಲಿರಲಿಲ್ಲ. ಎದುರಿನ ಗೋಡೆಯ ಕಡೆಗೋ ಇನ್ನೆಲ್ಲಿಗೋ ಇತ್ತು. ಇದನ್ನು ಮೂರು ವಾರದಿಂದ ನೋಡಿದ್ದರೂ ಅವಳು ಕಂಡಿರಲಿಲ್ಲ. ಒಳಗೆ ಅಜ್ಜಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಡುತ್ತಿದ್ದಳು.

"ಶನಿವಾರ ಮಿಸ್ ಕೇಳ್ತಾರೆ ಅಜ್ಜ, ಯಾಕೆ ಅಂತ. ಸ್ಕೇಲಿನ ವಿಷಯ ಹೇಳ್ತೀನಿ. ಅದನ್ನ್ಯಾಕೆ ಕೊಟ್ರು ನಿಮ್ಮಜ್ಜ ಅಂದ್ರೆ?"

ಕೀಸುಳಿ ಒಂದು ಸಲ ಪೂರ್ತಿ ಎಳೆದು ಮುಗಿಸಿದ ಮೇಲೆ ಅವನು ಉತ್ತರ ಕೊಟ್ಟ.

"ಕಣ್ಣು ಕಾಣಲ್ಲ ಅನ್ನು. ಕೈ ತಪ್ಪಲ್ಲ ಅಂತಾನೂ ಹೇಳು."

ಶನಿವಾರ ಅವಳು ಎರಡನ್ನೂ ಹೇಳಿದಳು. ಉಕ್ಕು ಕುಗ್ಗುವುದನ್ನು ಹೇಳುವಾಗ ದುಶ್ಯಂತ್ ಬೆಂಚಿನಿಂದ ಅರ್ಧ ಎದ್ದು ನಿಂತಿದ್ದ. ಕಣ್ಣಿನ ಮಾತು ಬಂದಾಗ ಕೂತ. ಸುಮನಾ ಮಿಸ್ ಒಳಪೆಟ್ಟಿಗೆಯನ್ನು ಹೊರಪೆಟ್ಟಿಗೆಯ ಬಾಯಿಗಿಟ್ಟು ಒಂದೇ ಬೆರಳಿನಿಂದ ತಳ್ಳಿದರು. ಅದು ಸದ್ದಿಲ್ಲದೆ ಒಳಗೆ ಹೋಯಿತು.

"ನಾಳೆ ಅವರನ್ನೂ ಕರ್ಕೊಂಡು ಬಾ," ಎಂದರು.

ಭಾನುವಾರ ಬೆಳಿಗ್ಗೆ ಶಿವಮೊಗ್ಗದ ಬಸ್ಸಿನಲ್ಲಿ ಒಳಪೆಟ್ಟಿಗೆ ಹುಲಿಯಪ್ಪನ ತೊಡೆಯ ಮೇಲಿತ್ತು. ಮಲವಗೊಪ್ಪದಲ್ಲಿ ದುಶ್ಯಂತ್ ಹೊರಪೆಟ್ಟಿಗೆಯ ಸಮೇತ ಹತ್ತಿದ. ಕಂಡಕ್ಟರ್ ಇದಕ್ಕೆ ಲಗೇಜು ಹಾಕಬೇಕಾ ಬೇಡವಾ ಎಂದು ತಲೆ ಕೆರೆದುಕೊಂಡ. ಕೊನೆಗೆ ಇದರಲ್ಲಿ ಏನು ಕಾಣುತ್ತದೆ ಎಂಬ ಕುತೂಹಲಕ್ಕೆ ಸೋತು, ಹಿಂದಿನ ಸೀಟಿನಲ್ಲಿ ಜಾಗ ಮಾಡಿಕೊಟ್ಟ. ದುಶ್ಯಂತ್ ಅಜ್ಜನ ಪಕ್ಕದಲ್ಲೇ ಕೂತು, ಹಿತ್ತಾಳೆ ಎಷ್ಟು ಕುಗ್ಗುತ್ತೆ, ಅಲ್ಯೂಮಿನಿಯಂ ಎಷ್ಟು ಕುಗ್ಗುತ್ತೆ ಎಂದು ದಾರಿಯುದ್ದಕ್ಕೂ ಪೀಡಿಸಿದ. ಅಜ್ಜ ಒಂದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ಮಾಸ್ತಮ್ಮ ಮಾತ್ರ ಬುಧವಾರದಿಂದ ಮೊಮ್ಮಗಳ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ಪೆಟ್ಟಿಗೆಯನ್ನು ಶಾಲೆಯ ವರಾಂಡದಲ್ಲಿ ದುರ್ಗಿಗುಡಿಯ ರಸ್ತೆಗೆ ಮುಖ ಮಾಡಿ ಮೇಜಿನ ಮೇಲಿಟ್ಟರು. ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟರು, ಎರಡು ತಲೆ ಹಿಡಿಯುವಷ್ಟು ಅಗಲವಾಗಿ. ಒಂದು ತೊಂದರೆ ಇತ್ತು. ನೋಡಲು ಬಂದವರೆಲ್ಲ ಒಳಪೆಟ್ಟಿಗೆಯನ್ನು ಸಿಕ್ಕಾಪಟ್ಟೆ ಎಳೆದಾಡಿ, ಏನೂ ಸ್ಪಷ್ಟವಿಲ್ಲ ಎಂದು ಮುಖ ಹುಳ್ಳಗೆ ಮಾಡಿಕೊಂಡು ಹೋಗುತ್ತಿದ್ದರು. ಪಕ್ಕದ ಶಾಲೆಯವರ ಟೀವಿ ಪರದೆಯ ಮುಂದೆ ಜನ ಹೆಚ್ಚುತ್ತಿದ್ದರು.

"ನಾನೊಮ್ಮೆ ನೋಡ್ತೀನಿ," ಎಂದ ಹುಲಿಯಪ್ಪ. ತಾನೇ ಬಟ್ಟೆ ಎತ್ತಿ ಒಳಗೆ ತಲೆ ಹಾಕಿದ. ಕವನ ಪಕ್ಕದಲ್ಲಿ ತೂರಿಕೊಂಡಳು. ಒಳಗೆ ಬಿಸಿ, ಹೊಸ ಮರದ ವಾಸನೆ, ಅಜ್ಜನ ಬೀಡಿಯ ವಾಸನೆ. ಅವನ ಕೈ ಪೆಟ್ಟಿಗೆಯ ಮೇಲಿತ್ತು.

"ನೀನು ನೋಡ್ಕೊಂಡು ಹೇಳು. ನಾನು ಸರಿಸ್ತೀನಿ."

"ಹಿಂದೆ... ಇನ್ನೂ ಹಿಂದೆ. ಜಾಸ್ತಿ ಆಯ್ತು. ಮುಂದೆ, ಒಂದು ನೂಲು. ಅರ್ಧ ನೂಲು. ಅಲ್ಲೇ!"

ಎರಡು ಪೆಟ್ಟಿಗೆಗಳ ಅಂಚು ಕೂಡಿದಲ್ಲಿ ಹುಲಿಯಪ್ಪ ಹೆಬ್ಬೆರಳಿಟ್ಟ. ಜೇಬಿನಿಂದ ಚೂರಿ ತೆಗೆದು, ಬೆರಳು ಇದ್ದ ಜಾಗದಲ್ಲಿ ಒಳಪೆಟ್ಟಿಗೆಯ ಮರಕ್ಕೆ ಸಣ್ಣದೊಂದು ಕಚ್ಚು ಹಾಕಿದ. ಪೆಟ್ಟಿಗೆಯನ್ನು ಪೂರ್ತಿ ಒಳಗೆ ತಳ್ಳಿ, ಮತ್ತೆ ಹೊರಗೆಳೆಯುತ್ತ ಬಂದ. ಉಗುರು ಕಚ್ಚಿಗೆ ಸಿಕ್ಕಿ ನಿಂತಿತು. ಚಿತ್ರವೂ ನಿಂತಿತು.

ಆಮೇಲೆ ಅವನು ಅಲ್ಲಿಂದ ಕದಲಲಿಲ್ಲ. ದುಶ್ಯಂತ್ ಹೊರಗೆ ನಿಂತು ಒಬ್ಬೊಬ್ಬರನ್ನೇ ಕಳಿಸಿದ. ಹುಡುಗರು ಬಂದರು, ಮೇಷ್ಟರುಗಳು ಬಂದರು, ಮಗು ಎತ್ತಿಕೊಂಡ ಒಬ್ಬ ತಾಯಿ ಬಂದಳು. ಪ್ರತಿಯೊಬ್ಬರಿಗೂ ಹುಲಿಯಪ್ಪ ಮೊದಲು ಪೆಟ್ಟಿಗೆಯನ್ನು ಒಳಗೆ ತಳ್ಳಿ ಮಂಜು ಮಂಜಾಗಿಸುತ್ತಿದ್ದ. ಆಮೇಲೆ ನಿಧಾನವಾಗಿ ಎಳೆದು, "ಈಗ ನೋಡಿ," ಎನ್ನುತ್ತಿದ್ದ. ಬಟ್ಟೆಯೊಳಗಿಂದ "ಅರೆ!" ಎಂಬ ಕೂಗು ಕೇಳಿದಾಗಲೆಲ್ಲ ಅವನ ಮೀಸೆ ಕುಣಿಯುತ್ತಿತ್ತು. ತೋರಿಸುತ್ತಿರುವವನಿಗೆ ಕಾಣುವುದಿಲ್ಲ ಎಂದು ಒಬ್ಬರಿಗೂ ಗೊತ್ತಾಗಲಿಲ್ಲ. ಟೀವಿ ಪರದೆಯ ಮುಂದಿನ ಜನ ಇತ್ತ ಸಾಲು ನಿಂತರು.

ಮಧ್ಯಾಹ್ನ ಊಟದ ಹೊತ್ತಿಗೆ ಸಾಲು ಕರಗಿತು. ಕವನ ಬಟ್ಟೆಯೊಳಗೆ ಬಂದಳು.

"ಈಗ ಏನು ಕಾಣ್ತಿದೆ?" ಎಂದು ಕೇಳಿದ ಅಜ್ಜ.

"ರಸ್ತೆ ಮೇಲಿದೆ, ಆಕಾಶ ಕೆಳಗಿದೆ. ಒಂದು ಹೂವಿನ ಗಾಡಿ. ಅಜ್ಜಿ ಅಲ್ಲಿ ಹೂವಿನವಳ ಹತ್ರ ನಿಂತು ಏನೋ ಮಾತಾಡ್ತಿದಾಳೆ, ತಲೆಕೆಳಗಾಗಿ."

"ತಲೆಕೆಳಗಾದ್ರೂ ಮಾತು ನಿಂತಿಲ್ವಾ?"

ಕವನ ನಕ್ಕಳು. ಅಜ್ಜ ಪೇಪರಿನ ತೀರ ಹತ್ತಿರಕ್ಕೆ ಮುಖ ತಂದ.

"ನಂಗೆ ಬೆಳಕು ಕಾಣುತ್ತೆ, ಅಷ್ಟೆ. ಹಾಲು ಚೆಲ್ಲಿದ ಹಂಗೆ. ಅದರೊಳಗೆ ಏನೋ ಅಲ್ಲಾಡುತ್ತೆ. ಅವಳೇನಾ?"

"ಎಡಗಡೆ ಅಲ್ಲಾಡ್ತಿದ್ರೆ ಅಜ್ಜಿ. ಬಲಗಡೆ ಇದ್ರೆ ಆಟೋ."

"ಯಾವ ಸೀರೆ ಉಟ್ಟಿದಾಳೆ?"

"ಹಸಿರು. ಕೆಂಪು ಅಂಚು."

ಬಟ್ಟೆಯ ಆಚೆ ದುಶ್ಯಂತ್ ಯಾರಿಗೋ ಹತ್ತು ನಿಮಿಷ ಬಿಟ್ಟು ಬನ್ನಿ ಎನ್ನುತ್ತಿದ್ದ.

"ಇವತ್ತು ಮುಗಿದ್ಮೇಲೆ ಈ ಪೆಟ್ಟಿಗೆ ಏನು ಮಾಡ್ತೀರಿ?"

"ಬಿಚ್ಚಿ ಹಲಗೆ ಎತ್ತಿಡ್ಬೇಕು. ಮುಂದಿನ ತಿಂಗಳು ಬೇರೆ ಏನೋ ಮಾಡಿಸ್ತಾರಂತೆ ಮಿಸ್."

"ಡಾಕ್ಟ್ರು ಆಪರೇಷನ್ ಆದ್ಮೇಲೆ ಒಂದು ತಿಂಗಳು ಅಂದಿದ್ರಲ್ವಾ, ನಿಮ್ಮಜ್ಜಿ ಹತ್ರ?"

ಕವನ ಅವನ ಕಡೆ ತಿರುಗಿದಳು. ಕತ್ತಲಲ್ಲಿ ಅವನ ಮುಖದ ಮೇಲೆ ಪೇಪರಿನ ಬೆಳಕು ಮಾತ್ರ ಬಿದ್ದಿತ್ತು.

"ಹೂಂ. ಒಂದು ತಿಂಗಳು."

"ಅಲ್ಲಿವರೆಗೆ ಇದನ್ನ ಬಿಚ್ಚಬೇಡಿ. ಮಿಸ್ಸಿಗೆ ನಾನೇ ಹೇಳ್ತೀನಿ."

ಪೇಪರಿನ ಮೇಲೆ ಮಾಸ್ತಮ್ಮ ಹೂವಿನ ಗಾಡಿ ಬಿಟ್ಟು ರಸ್ತೆ ದಾಟಿ ಬರುತ್ತಿದ್ದಳು. ಅರ್ಧಕ್ಕೆ ನಿಂತು, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು, ವರಾಂಡದ ಕಡೆ ಇವರಿಬ್ಬರನ್ನೂ ಹುಡುಕಿದಳು. ಕವನ ಅಷ್ಟನ್ನೂ ಅಜ್ಜನಿಗೆ ಹೇಳುತ್ತ ಹೋದಳು. ಅವನ ಹೆಬ್ಬೆರಳ ಉಗುರು ಕಚ್ಚಿನಲ್ಲೇ ಇತ್ತು, ಅಲುಗಾಡಲಿಲ್ಲ.